ಎಷ್ಟೋ ಹಳೆಯ ಅಭಿಮಾನಿಗಳಿಗೆ ಸಿಟ್ಟು ತರಿಸಿದ ಸ್ಟಾರ್ ವಾರ್ಸ್ ಸಿನಿಮಾ ‘ದಿ ಲಾಸ್ಟ್ ಜೆಡೈ’ ಮುಂದೊಂದು ದಿನ ಒಳ್ಳೆಯದು ಅನಿಸಿಕೊಳ್ಳುತ್ತಾ?

ಮೆಚ್ಚುವವರು ಈಗಿಗಿಂತ ಜಾಸ್ತಿ ಆಗುತ್ತಾರೆ ಅನ್ನುವುದು ನನ್ನ ಅಂದಾಜು. ಆದರೆ ಎಲ್ಲರೂ ಒಪ್ಪುವ ದಿನ ಬರುವುದು ಅನುಮಾನ.

ಇಂಥ ಸಿಟ್ಟು ಹೆಚ್ಚಾಗಿ ನಿರೀಕ್ಷೆಯಿಂದ ಹುಟ್ಟುತ್ತದೆ. 2017ರಲ್ಲಿ ಥಿಯೇಟರಿಗೆ ಹೋದ ಹಳೆಯ ಅಭಿಮಾನಿಗಳ ತಲೆಯಲ್ಲಿ, ಮೊದಲ ಸಿನಿಮಾಗಳ ನಾಯಕ ಲ್ಯೂಕ್ ಸ್ಕೈವಾಕರ್ ಒಬ್ಬ ವೀರ. ತೆರೆಯ ಮೇಲೆ ಕಂಡದ್ದು ಎಲ್ಲ ಬಿಟ್ಟು ದ್ವೀಪ ಸೇರಿದ ಸಿಡುಕು ಮುದುಕ. ಅದೇ ಸಿನಿಮಾದಿಂದ ಸ್ಟಾರ್ ವಾರ್ಸ್ ಪರಿಚಯವಾದ ಮಕ್ಕಳಿಗೆ ಹೋಲಿಸಿ ನೋಡಲು ಹಳೆಯ ಲ್ಯೂಕ್ ಇಲ್ಲವೇ ಇಲ್ಲ. ಮುಂದೆ ದೊಡ್ಡವರಾಗಿ ಇದರ ಬಗ್ಗೆ ಮಾತಾಡುವವರು ಅವರೇ ಅಲ್ವಾ?

ಹಿಂದೆಯೂ ಹೀಗೇ ಆಗಿದೆ. 1999ರ ಸ್ಟಾರ್ ವಾರ್ಸ್ ಸಿನಿಮಾ ‘ದಿ ಫ್ಯಾಂಟಮ್ ಮೆನೇಸ್’ ಬಂದಾಗ, ಅದರಲ್ಲೂ ಜಾರ್ ಜಾರ್ ಬಿಂಕ್ಸ್ ಪಾತ್ರಕ್ಕೆ, ಅಭಿಮಾನಿಗಳು ಸಿಕ್ಕಾಪಟ್ಟೆ ಬೈದಿದ್ದರು. ಆಗ ಚಿಕ್ಕವರಾಗಿದ್ದ ಎಷ್ಟೋ ಜನ ಈಗ ಆ ಸಾಲಿನ ಮೂರೂ ಸಿನಿಮಾಗಳನ್ನು ಪ್ರೀತಿಯಿಂದ ನೆನೆಯುತ್ತಾರೆ. 2008ರಲ್ಲಿ ಶುರುವಾದ ‘ದಿ ಕ್ಲೋನ್ ವಾರ್ಸ್’ ಅನಿಮೇಷನ್ ಸರಣಿ ಆ ಮೂರು ಸಿನಿಮಾಗಳ ಮುಖ್ಯ ಪಾತ್ರವಾದ ಅನಾಕಿನ್‌ಗೆ ತೂಕ ತುಂಬಿದ್ದೂ ಇದಕ್ಕೆ ನೆರವಾಯಿತು.

‘ಲಾಸ್ಟ್ ಜೆಡೈ’ಗೆ ಅಂಥ ಆಸರೆ ಸಿಗಲಿಲ್ಲ. ನಾಯಕಿ ರೇಯ ಅಪ್ಪ ಅಮ್ಮ ಲೆಕ್ಕಕ್ಕೇ ಇಲ್ಲದ ಸಾಮಾನ್ಯರು ಅಂತ ಅದು ಹೇಳಿತು. 2019ರ ಮುಂದಿನ ಭಾಗ ಅವಳನ್ನು ಖಳನಾಯಕ ಪಾಲ್ಪಟೀನ್‌ನ ಮೊಮ್ಮಗಳು ಮಾಡಿಬಿಟ್ಟಿತು. ಕಥೆಯ ಮುಂದುವರಿಕೆಯೇ ಕೈಬಿಟ್ಟಿರುವುದರಿಂದ ‘ಲಾಸ್ಟ್ ಜೆಡೈ’ಯನ್ನು ಒಂದು ಪ್ರತ್ಯೇಕ ಸಿನಿಮಾ ಆಗಿಯೇ ಮೆಚ್ಚಬೇಕು. ಅದರಲ್ಲಿ ಬರುವ ಕ್ಯಾಸಿನೊ ಭಾಗ ಮಾತ್ರ, ಯಾವ ನಿರೀಕ್ಷೆ ಇಟ್ಟುಕೊಳ್ಳದೆ ನೋಡಿದರೂ ನನಗೆ ಸುಮ್ನೆ ಎಳೆದಂತೆಯೇ ಕಾಣುತ್ತದೆ.