ಓದುಗರ ಪ್ರಶ್ನೆ: ಪಂಚಾಯಿತಿವರೆಗೆ ಬಂದ ಕೇಬಲ್ ಮನೆಗೇಕೆ ಬರಲಿಲ್ಲ?

ಪ್ರಶ್ನೆ: ನಮ್ಮದು ಮಲೆನಾಡಿನ ಸಣ್ಣ ಊರು. ಪಂಚಾಯಿತಿ ಕಟ್ಟಡಕ್ಕೆ ಓಎಫ್‌ಸಿ (ಆಪ್ಟಿಕಲ್ ಫೈಬರ್) ಕೇಬಲ್ ಬಂದು ವರ್ಷಗಳೇ ಆದವು. ಗೋಡೆಯಲ್ಲಿ ಪೆಟ್ಟಿಗೆ ಇದೆ, ಅದರ ದೀಪ ಉರಿಯುವುದು ಅಪರೂಪ. ನಮಗೆ ನೆಟ್ ಬೇಕೆಂದರೆ ಗುಡ್ಡ ಹತ್ತಬೇಕು. ಇದೇ ತಾಲ್ಲೂಕಿನ ಒಬ್ಬ ಜನಪ್ರತಿನಿಧಿಯ ಮನೆಯೂ ತೋಟದ ನಡುವೆಯೇ ಇದೆ, ಆದರೆ ಅಲ್ಲಿಗೆ ಎರಡು ಫೈಬರ್ ಲೈನ್ ಬಂದಿವೆ. ಅವರಿಗೆ ಸಿಗುವುದು ನಮಗೇಕೆ ಸಿಗುವುದಿಲ್ಲ?

ಉತ್ತರ: ಮೊದಲು ಒಂದು ಮಾತು. ಜನಪ್ರತಿನಿಧಿಗೆ ಒಳ್ಳೆಯ ನೆಟ್ ಇರುವುದರಲ್ಲಿ ತಪ್ಪೇನಿಲ್ಲ. ಸಂಸದರ ಫೋನು ಮತ್ತು ಬ್ರಾಡ್‌ಬ್ಯಾಂಡ್ ಸೌಲಭ್ಯಕ್ಕೆ ಕಾನೂನೇ ಇದೆ: 1954ರ ವೇತನ, ಭತ್ಯೆ ಕಾಯ್ದೆ, ಅದರ ಕೆಳಗೆ 1956ರಲ್ಲಿ ಬಂದ ವಸತಿ ಮತ್ತು ದೂರವಾಣಿ ನಿಯಮಗಳು. ಕೆಲಸಕ್ಕೆ ಬೇಕು, ಕೊಟ್ಟಿದ್ದಾರೆ. ಕೇಳಬೇಕಾದದ್ದು ಬೇರೆ. ಅವರ ಮನೆಯ ಲೈನ್ ಸತ್ತರೆ ಒಂದು ಫೋನ್ ಸಾಕು, ಲೈನ್‌ಮ್ಯಾನ್ ಬರುತ್ತಾನೆ. ನಿಮ್ಮ ಪಂಚಾಯಿತಿಯ ಪೆಟ್ಟಿಗೆ ಸತ್ತರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದೇ ಪಿಡಿಒಗೆ ಸರಿಯಾಗಿ ಗೊತ್ತಿರುವುದಿಲ್ಲ.

ಕಂಪನಿಗಳ ಲೆಕ್ಕ ಸರಳ. ಕಿಲೋಮೀಟರ್ ಕೇಬಲ್ ಎಳೆದರೆ ದಾರಿಯಲ್ಲಿ ಎಷ್ಟು ಮನೆ ಸಿಗುತ್ತವೆ ಅಂತ ನೋಡುತ್ತವೆ. ಪೇಟೆಯಲ್ಲಿ ಆ ದೂರಕ್ಕೆ ನೂರಾರು ಮನೆ. ಮಲೆನಾಡಿನಲ್ಲಿ ಒಂದು ಮನೆ ಈ ತೋಟದಲ್ಲಿ, ಇನ್ನೊಂದು ಹಳ್ಳದ ಆಚೆ. ತಿಂಗಳ ಬಾಡಿಗೆಯಿಂದ ಕೇಬಲ್ಲಿನ ಖರ್ಚು ಹುಟ್ಟುವುದಿಲ್ಲ. ಜನಪ್ರತಿನಿಧಿಯ ಮನೆ ಎಷ್ಟೇ ಒಳಗಿದ್ದರೂ ಅಲ್ಲಿಗೆ ಈ ಲೆಕ್ಕ ಹಾಕುವ ಧೈರ್ಯ ಯಾರಿಗೂ ಇರುವುದಿಲ್ಲ, ಅಷ್ಟೇ.

ಕಂಪನಿಗೆ ಲಾಭವಿಲ್ಲದ ಕಡೆ ಸರ್ಕಾರ ಹೋಗಬೇಕು ಅಂತಲೇ 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದೇ ಈಗಿನ ಭಾರತ್‌ನೆಟ್. ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ 100 ಎಂಬಿಪಿಎಸ್ ವೇಗದ ನೆಟ್ ಮುಟ್ಟಿಸುವುದು ಗುರಿ. ಮೊದಲ ಹಂತದ 1 ಲಕ್ಷ ಪಂಚಾಯಿತಿ ಮುಗಿಯುವಾಗ 2017ರ ಡಿಸೆಂಬರ್ ಆಗಿತ್ತು. ಗಮನಿಸಿ, ಗುರಿ ಇದ್ದದ್ದು ಪಂಚಾಯಿತಿಯವರೆಗೆ ಮಾತ್ರ. ಅಲ್ಲಿಂದ ಮನೆಗಳಿಗೆ ಕಂಪನಿಗಳೋ ಊರಿನ ಕೇಬಲ್ ಟಿವಿಯವರೋ ಲೈನ್ ಎಳೆದುಕೊಳ್ಳುತ್ತಾರೆ ಅಂತ ಅಂದುಕೊಂಡಿದ್ದರು. ಎಷ್ಟೋ ಕಡೆ ಯಾರೂ ಬರಲಿಲ್ಲ. ಯಾಕೆ ಬರುತ್ತಾರೆ? ಮೇಲಿಂದ ಬರುವ ಲೈನೇ ವಾರಕ್ಕೆ ನಾಲ್ಕು ದಿನ ಸತ್ತಿದ್ದರೆ ಅದನ್ನು ನಂಬಿ ದುಡ್ಡು ಹಾಕುವವರು ಯಾರು?

ಲೈನ್ ಸಾಯುವುದಕ್ಕೂ ಕಾರಣ ಇದೆ. ಶುರುವಿನಲ್ಲಿ ಹೆಚ್ಚಿನ ಕಡೆ ಕೇಬಲ್ ಒಂದೇ ದಾರಿಯಲ್ಲಿ ಹೋಗಿತ್ತು. ನಡುವೆ ಎಲ್ಲೋ ರಸ್ತೆ ಅಗಲ ಮಾಡಲು ಬಂದ ಜೆಸಿಬಿ ಕೊಯ್ದರೆ ಅದರಾಚೆಯ ಅಷ್ಟೂ ಪಂಚಾಯಿತಿ ಒಟ್ಟಿಗೆ ಕತ್ತಲು. ಕರೆಂಟ್ ಹೋದಾಗ ಪೆಟ್ಟಿಗೆಯ ಬ್ಯಾಟರಿ ಕೈಕೊಟ್ಟರೂ ಅಷ್ಟೇ, ಕೇಬಲ್ ಚೆನ್ನಾಗಿದ್ದೂ ನೆಟ್ ಇರುವುದಿಲ್ಲ. 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಯ ತಿದ್ದುಪಡಿ ಭಾರತ್‌ನೆಟ್ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಇದರಲ್ಲಿ ಕೇಬಲ್ ರಿಂಗ್ ಆಕಾರದಲ್ಲಿರುತ್ತದೆ, ಅಂದರೆ ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ನೆಟ್ ಬರುತ್ತದೆ. ಹತ್ತು ವರ್ಷದ ನಿರ್ವಹಣೆಯೂ ಗುತ್ತಿಗೆಯಲ್ಲೇ ಸೇರಿದೆ. 1.5 ಕೋಟಿ ಹಳ್ಳಿ ಮನೆಗಳಿಗೆ ಫೈಬರ್ ಕೊಡುವ ಗುರಿಯೂ ಇದೆ. ನನ್ನ ಪ್ರಕಾರ ಇದರಲ್ಲಿ ದೊಡ್ಡ ಸಂಗತಿ ಆ ಕೋಟಿ ಲೆಕ್ಕವಲ್ಲ, ನಿರ್ವಹಣೆಯನ್ನು ಒಬ್ಬರ ತಲೆಗೆ ಕಟ್ಟಿದ್ದು. ಉದ್ಘಾಟನೆಗೆ ರಿಬ್ಬನ್ ಕತ್ತರಿಸಲು ಎಲ್ಲರೂ ಬರುತ್ತಾರೆ, ಮೂರನೇ ಮಳೆಗಾಲದಲ್ಲಿ ಕಡಿದ ಕೇಬಲ್ ಜೋಡಿಸಲು ಬರುವವರು ಬೇಕಲ್ಲ.

ಇನ್ನೂ ಒಂದು ವಿಷಯ ನನಗೆ ಜಾಸ್ತಿ ಚುಚ್ಚುತ್ತದೆ. ನೆಟ್ ಬಳಸಲೇಬೇಕು ಅಂತ ಸರ್ಕಾರ ಯಾರಿಗೆ ಹೇಳುತ್ತದೆ ನೋಡಿ. 2023ರ ಜನವರಿಯಿಂದ ನರೇಗಾ ಕೆಲಸಗಾರರ ಹಾಜರಾತಿ ಆಪ್‌ನಲ್ಲೇ ಹಾಕಬೇಕು, ದಿನಕ್ಕೆ ಎರಡು ಸಲ ಫೋಟೊ ಅಪ್‌ಲೋಡ್ ಮಾಡಬೇಕು ಅಂತ ಕಡ್ಡಾಯ ಮಾಡಿದರು. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟರೆ ತಾನೆ ಅಕ್ಕಿ. ನೆಟ್ ಇಲ್ಲದಿದ್ದರೆ ಸಂಸದರ ಸಂಬಳವೇನೂ ನಿಲ್ಲುವುದಿಲ್ಲ, ಕೂಲಿಯವಳ ಹಾಜರಾತಿ ನಿಲ್ಲುತ್ತದೆ.

ಪ್ರಶ್ನೆ: ಇದಕ್ಕೆಲ್ಲ ದುಡ್ಡಿಲ್ಲ ಅನ್ನುತ್ತಾರೆ. ನಿಜವೇ?

ಉತ್ತರ: ಸುಮ್ನೆ ಹೇಳುತ್ತಾರೆ. ಟೆಲಿಕಾಂ ಕಂಪನಿಗಳು ತಮ್ಮ ಆದಾಯದ ಲೆಕ್ಕದಲ್ಲಿ ಶೇ 5ರಷ್ಟನ್ನು ಒಂದು ನಿಧಿಗೆ ಕಟ್ಟುತ್ತವೆ. 2002ರಿಂದ ನಡೆದುಬಂದದ್ದು ಇದು. ಆಗ ಅದರ ಹೆಸರು ಯುಎಸ್‌ಒ (ಎಲ್ಲರಿಗೂ ಸೇವೆ ಮುಟ್ಟಿಸುವ ಹೊಣೆ) ನಿಧಿ, 2023ರ ದೂರಸಂಪರ್ಕ ಕಾಯ್ದೆಯ ನಂತರ ಡಿಜಿಟಲ್ ಭಾರತ್ ನಿಧಿ. ಹಳ್ಳಿಗಾಡಿಗೆ ಫೋನು, ನೆಟ್ ಮುಟ್ಟಿಸಲೆಂದೇ ಇರುವ ಹಣ. ಕಂಪನಿಯ ಆದಾಯ ಅಂದರೆ ನಮ್ಮ ರೀಚಾರ್ಜ್ ತಾನೆ? ಗುಡ್ಡ ಹತ್ತಿ ಮಾತಾಡುವವರ ರೀಚಾರ್ಜೂ ಅದರಲ್ಲಿದೆ.

ಪ್ರಶ್ನೆ: ಎಲ್ಲ ಹಳ್ಳಿಗೂ ಬ್ರಾಡ್‌ಬ್ಯಾಂಡ್ ತಲುಪಿದೆ ಅಂತ ಭಾಷಣದಲ್ಲಿ ಕೇಳುತ್ತೇವೆ. ಸುಳ್ಳಾ?

ಉತ್ತರ: ಪೂರ್ತಿ ಸುಳ್ಳಲ್ಲ, ಎಣಿಸುವ ರೀತಿಯಲ್ಲಿ ಮಜಾ ಇದೆ. ನಮ್ಮಲ್ಲಿ 2013ರಿಂದ 512 ಕೆಬಿಪಿಎಸ್, ಅಂದರೆ ಸುಮಾರು ಅರ್ಧ ಎಂಬಿಪಿಎಸ್ ವೇಗ ಇದ್ದರೆ ಬ್ರಾಡ್‌ಬ್ಯಾಂಡ್ ಆಗಿತ್ತು. 2023ರ ಜನವರಿಯಲ್ಲಿ ಅದನ್ನು 2 ಎಂಬಿಪಿಎಸ್‌ಗೆ ಏರಿಸಿದರು. ಅಷ್ಟು ವೇಗದಲ್ಲಿ ಇಬ್ಬರು ಮಕ್ಕಳು ಒಟ್ಟಿಗೆ ವಿಡಿಯೊ ಪಾಠ ಕೇಳುವುದು ಕಷ್ಟ. ಬ್ರಿಟನ್‌ನಲ್ಲಿ 2020ರ ಮಾರ್ಚ್‌ನಿಂದ 10 ಎಂಬಿಪಿಎಸ್ ಕೇಳಿ ಪಡೆಯುವ ಹಕ್ಕು ಮನೆಗಳಿಗಿದೆ, ಆದರೆ ಅಲ್ಲೂ ಖರ್ಚು 3,400 ಪೌಂಡ್ ದಾಟಿದರೆ ಮಿಕ್ಕದ್ದು ಮನೆಯವರೇ ಕೊಡಬೇಕು. ಹಾಗಾಗಿ ದೂರದ ಒಂಟಿ ಮನೆಯ ಗೋಳು ಅಲ್ಲೂ ತಪ್ಪಿಲ್ಲ.

ಇನ್ನೊಂದು, ಹಳ್ಳಿ ಅಂದರೆ ಕಾಗದದಲ್ಲಿ ಕಂದಾಯ ಗ್ರಾಮ. ನಮ್ಮ ಕಡೆ ಒಂದು ಗ್ರಾಮದಲ್ಲಿ ಎಷ್ಟೋ ಮಜಿರೆಗಳು (ಅದಕ್ಕೆ ಸೇರಿದ ಸಣ್ಣ ಸಣ್ಣ ಊರುಗಳು) ಗುಡ್ಡದ ಆಚೀಚೆ ಇರುತ್ತವೆ. ರಸ್ತೆ ಬದಿಯ ಮಜಿರೆಗೆ ಸಿಗ್ನಲ್ ಬಂದರೆ ಕಾಗದದಲ್ಲಿ ಇಡೀ ಗ್ರಾಮಕ್ಕೇ ಬಂದಂತೆ.

ಪ್ರಶ್ನೆ: ಇದು ನಮ್ಮ ಹಕ್ಕು ಅಲ್ವಾ? ಕೋರ್ಟಿಗೆ ಹೋದರೆ?

ಉತ್ತರ: ಅರ್ಧ ಹಕ್ಕು ಅನ್ನಬಹುದು. 2019ರಲ್ಲಿ ಕೇರಳ ಹೈಕೋರ್ಟ್, ಹಾಸ್ಟೆಲ್‌ನಲ್ಲಿ ಫೋನ್ ನಿರ್ಬಂಧಿಸಿದ ಪ್ರಕರಣದಲ್ಲಿ, ಇಂಟರ್ನೆಟ್ ಬಳಕೆ ಶಿಕ್ಷಣದ ಹಕ್ಕಿನ ಭಾಗ ಎಂದಿತು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕಾಶ್ಮೀರದ ಇಂಟರ್ನೆಟ್ ಸ್ಥಗಿತದ ಪ್ರಕರಣದಲ್ಲಿ, ನೆಟ್ ಮೂಲಕ ಮಾತಾಡುವ ಮತ್ತು ವ್ಯಾಪಾರ ಮಾಡುವ ಸ್ವಾತಂತ್ರ್ಯಕ್ಕೆ ಸಂವಿಧಾನದ ರಕ್ಷಣೆ ಇದೆ ಎಂದಿತು. ಎರಡೂ ಇದ್ದದ್ದನ್ನು ಕಿತ್ತುಕೊಂಡ ಪ್ರಕರಣಗಳು. ಇಲ್ಲದ ಮನೆಗೆ ಕೇಬಲ್ ಎಳೆಯಿರಿ ಅಂತ ಆದೇಶ ಪಡೆಯುವುದು ಬೇರೆಯೇ ಕಥೆ, ಅದನ್ನೊಂದೇ ನಂಬಿ ಕೂರಬೇಡಿ.

ಪ್ರಶ್ನೆ: ಹಾಗಾದರೆ ಏನು ಮಾಡಬೇಕು? ಮತದಾನ ಬಹಿಷ್ಕಾರ?

ಉತ್ತರ: ನೆಟ್‌ವರ್ಕ್ ಇಲ್ಲದಿದ್ದರೆ ವೋಟಿಲ್ಲ ಅಂತ ಮಲೆನಾಡಿನ ಊರುಗಳು ಹಿಂದೆ ಅಭಿಯಾನ ಮಾಡಿವೆ. ಸಿಟ್ಟು ನ್ಯಾಯವಾದದ್ದೇ. ಬಹಿಷ್ಕಾರ ಅಂದ ಕೂಡಲೇ ಅಧಿಕಾರಿಗಳು ಓಡಿಬರುತ್ತಾರೆ, ಭರವಸೆ ಕೊಡುತ್ತಾರೆ, ಎಣಿಕೆ ಮುಗಿದ ಮೇಲೆ ಕಾಣುವುದಿಲ್ಲ. ಅದಕ್ಕಿಂತ ಕಾಗದದಲ್ಲಿ ಹಿಡಿದುಹಾಕುವುದು ಮೇಲು ಅನ್ನಿಸುತ್ತದೆ.

ಮೊದಲು ಗ್ರಾಮಸಭೆ. ತಿದ್ದುಪಡಿ ಯೋಜನೆಯಲ್ಲಿ ಪಂಚಾಯಿತಿ ಕೇಂದ್ರವಲ್ಲದ ಸುಮಾರು 3.8 ಲಕ್ಷ ಹಳ್ಳಿಗಳಿಗೆ ಸಂಪರ್ಕ ಕೊಡುವುದು ಬೇಡಿಕೆ ಬಂದರೆ ಮಾತ್ರ. ಬೇಡಿಕೆ ಬಾಯಿಮಾತಲ್ಲಿದ್ದರೆ ಅದು ಇದ್ದಂತೆಯೇ ಅಲ್ಲ. ಮಜಿರೆಗಳ ಹೆಸರು ಬರೆದು, ಎಷ್ಟು ಮನೆಗೆ ಲೈನ್ ಬೇಕು ಅಂತ ನಮೂದಿಸಿ ಠರಾವು ಮಾಡಿಸಿ, ಪ್ರತಿ ಇಟ್ಟುಕೊಳ್ಳಿ. ಆಮೇಲೆ ಮಾಹಿತಿ ಹಕ್ಕು ಅರ್ಜಿ. ಇಲ್ಲಿ ಒಂದು ಎಚ್ಚರ: ನಮಗೇಕೆ ನೆಟ್ ಇಲ್ಲ ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ನಮ್ಮ ಪಂಚಾಯಿತಿಯ ಲೈನ್ ಯಾವ ದಿನಾಂಕದಿಂದ ಚಾಲೂ ಆಯಿತು, ಕಳೆದ ವರ್ಷ ತಿಂಗಳಿಗೆ ಎಷ್ಟು ಗಂಟೆ ಸತ್ತಿತ್ತು, ನಿರ್ವಹಣೆಯ ಗುತ್ತಿಗೆ ಯಾರದ್ದು, ಸತ್ತಿದ್ದಕ್ಕೆ ಎಷ್ಟು ದಂಡ ಹಾಕಿದ್ದೀರಿ ಅಂತ ಕೇಳಿ. ಇವು ಕಡತದಲ್ಲಿ ಇರಲೇಬೇಕಾದ ಮಾಹಿತಿ. ಇಲ್ಲ ಅಂತ ಬರೆದುಕೊಟ್ಟರೆ ಅದೂ ನಿಮಗೆ ಉಪಯೋಗದ್ದೇ, ಮುಂದಿನ ಸಭೆಯಲ್ಲಿ ಶಾಸಕರ ಮುಂದೆ ಇಡಬಹುದು.

ಮೊಬೈಲ್ ಸಿಗ್ನಲ್ ವಿಷಯಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2024ರ ಗುಣಮಟ್ಟ ನಿಯಮ ನೋಡಿ. ಎಲ್ಲೆಲ್ಲಿ ತಮ್ಮ ಸೇವೆ ಇದೆ ಅಂತ ಕಂಪನಿಗಳು ವೆಬ್‌ಸೈಟ್‌ನಲ್ಲಿ ನಕ್ಷೆ ಹಾಕಬೇಕು. ನಿಮ್ಮ ಮನೆ ಅದರಲ್ಲಿ ಬಣ್ಣ ಬಳಿದ ಜಾಗದಲ್ಲಿದ್ದು ಫೋನ್‌ನಲ್ಲಿ ಸಿಗ್ನಲ್ ಇಲ್ಲದಿದ್ದರೆ ಎರಡರ ಸ್ಕ್ರೀನ್‌ಶಾಟ್ ತೆಗೆದು ದೂರಿಗೆ ಲಗತ್ತಿಸಿ.

ಪ್ರಶ್ನೆ: ಉಪಗ್ರಹದ ಇಂಟರ್ನೆಟ್ ಬಂದರೆ ಇದೆಲ್ಲ ಬೇಡವಲ್ಲ?

ಉತ್ತರ: ತೀರಾ ಒಂಟಿ ಮನೆಗಳಿಗೆ ಅನುಕೂಲ ಆಗಬಹುದು. ಆದರೆ ಅದರ ಡಿಶ್‌ಗೆ ತೆರೆದ ಆಕಾಶ ಕಾಣಬೇಕು, ದಟ್ಟ ಮರಗಳ ಕೆಳಗಿನ ಮನೆಗೆ ಅದೇ ತೊಡಕು. ಕರೆಂಟ್ ಇಲ್ಲದಾಗ ಇನ್ವರ್ಟರ್ ಮೇಲೂ ಭಾರ ಬೀಳುತ್ತದೆ. ಅಂಗಳದಲ್ಲಿ ನಿಂತು ಒಮ್ಮೆ ಮೇಲೆ ನೋಡಿ, ಎಷ್ಟು ಆಕಾಶ ಕಾಣುತ್ತದೆ ಅಂತ ಲೆಕ್ಕ ಹಾಕಿದ ಮೇಲೆ ದುಡ್ಡಿನ ಯೋಚನೆ ಮಾಡಿ.