ಸಾಫ್ಟ್‌ವೇರ್ ಬಿಡ್ರಿ, ಮೊದಲು ಮಾಪ್ ಎಣಿಸೋದು ಸರಿ ಮಾಡ್ರಿ

ಬಾಗಲಕೋಟೆಯೊಳಗ ಮೂವತ್ತು ಹಾಸಿಗಿ ಆಸ್ಪತ್ರಿ, ಒಂದೇ ಓಟಿ (ಆಪರೇಷನ್ ಕೋಣಿ), ಎರಡು ಆಪರೇಷನ್ ನಡುವ ತಾಸು ಹಾಳಾಗ್ತದ, ಯಾವ ಸಾಫ್ಟ್‌ವೇರ್ ತಗೊಳ್ಳಲಿ ಅಂತ ಕೇಳೀರಿ. ವಿಜಯಪುರದ ಓಟಿಯೊಳಗ ನಾನೂ ಇದೇ ಕೇಳಿದಾಕಿನೇ. ಯಾವುದೂ ಬ್ಯಾಡ್ರಿ. ಆ ರೊಕ್ಕಕ್ಕ ಸಿಸೇರಿಯನ್ ಸಾಮಾನಿನ ಇನ್ನೊಂದು ಸೆಟ್ ತಗೋರಿ.

ತಾಸು ಹೋಗೋದು ನೆಲ ಒರಸೋದ್ರಾಗಲ್ಲ, ಸಾಮಾನಿನ ಕ್ರಿಮಿ ಉಗಿಯಿಂದ ಸಾಯಿಸೋ ಆಟೋಕ್ಲೇವ್ ಮುಂದ ಕಾಯೋದ್ರಾಗ. 121 ಡಿಗ್ರಿ ಮುಟ್ಟಿದ ಮ್ಯಾಲ ಬಟ್ಟಿ ಸುತ್ತಿದ ಸೆಟ್ಟಿಗೆ 30 ನಿಮಿಷ ಬೇಕು, ಆಮ್ಯಾಲ ಒಣಗಬೇಕು. ಅವಸರ ಮಾಡಿ ಹಸಿ ಪ್ಯಾಕ್ ತೆಗೆದ್ರ ಒದ್ದಿ ಬಟ್ಟಿಯೊಳಗಿಂದ ಕ್ರಿಮಿ ನುಸುಳ್ತಾವ. ಮ್ಯಾಲ ಅಂಟಿಸಿದ ಟೇಪಿನ ಗೆರಿ ಕಪ್ಪಾದ್ರ ಪ್ಯಾಕ್ ಬಿಸಿ ಕಂಡದ ಅಂತಷ್ಟ, ಕ್ರಿಮಿ ಸತ್ತಾವ ಅಂತಲ್ಲ. ಆಟೋಕ್ಲೇವಿಗೆ ಬೋರ್ ನೀರು ಹಾಕಿದ್ರಂತೂ ಅದರ ಬಿಸಿ ಮಾಡೋ ಕಾಯಿಲ್‌ಗೆ ಸುಣ್ಣ ಕಟ್ತದ. ಡಿಸ್ಟಿಲ್ಡ್ ನೀರು ಹಾಕ್ರಿ.

ಇನ್ನ ಜೀವಕ್ಕ ಕುತ್ತು ತರೋದು ಮಾಪ್, ಅಂದ್ರ ಆಪರೇಷನ್ನಿನಾಗ ರಕ್ತ ಒರಸೋ ಗಾಜ್ ಬಟ್ಟಿ. ಸಣ್ಣ ಆಸ್ಪತ್ರಿಯೊಳಗ ಆಯಾಗಳೇ ಗಾಜ್ ಥಾನ್ ಕತ್ತರಿಸಿ, ಮಡಚಿ ಹೊಲಿದು, ಐದೈದರ ಕಟ್ಟು ಕಟ್ತಾರ. ಮಾತಾಡ್ತಾ ಕಟ್ಟಿದಾಗ ಒಂದರಾಗ ಆರು ಬೀಳ್ತಾವ. ಸಿಸ್ಟರ್ ಕಟ್ಟು ಬಿಚ್ಚಿ ಎಣಿಸದೇ ಬೋರ್ಡಿನ ಮ್ಯಾಲ ಐದು ಅಂತ ಬರೀತಾಳ. ಕೊನಿಗೆ ಐದು ಹೊರಗ ಬಂದ್ವು, ಲೆಕ್ಕ ಕೂಡಿತು, ಹೊಟ್ಟಿ ಹೊಲಿದ್ರು. ಆರನೇದು ಒಳಗೇ ಉಳೀತು! ಲೆಕ್ಕ ತಪ್ಪಿದ್ರ ಹುಡುಕ್ತಿದ್ರು. ಮಾಪ್ ಸಾಲದಂತ ಒಂದನ್ನ ಎರಡು ತುಂಡು ಮಾಡೋದೂ ಇದೇ ಕಥಿ. ಅದರ ಮ್ಯಾಲ ಮನಿ ಮಾಪಿನಾಗ ಎಕ್ಸ್‌ರೇಗೆ ಕಾಣೋ ದಾರ ಇರಂಗಿಲ್ಲ. ಮುಂದ ಹೊಟ್ಟಿನೋವು ಅಂತ ಬಂದ್ರೂ ಫಿಲ್ಮಿನಾಗ ಏನೂ ಕಾಣಂಗಿಲ್ಲ.

ದಾರ ಇರೋ ರೆಡಿ ಮಾಪೇ ತರ್ರಿ. ಸ್ಕ್ರಬ್ ಸಿಸ್ಟರ್ (ಸರ್ಜನ್ ಕೈಗೆ ಸಾಮಾನು ಕೊಡಾಕಿ) ಒಂದೊಂದೇ ಬಿಡಿಸಿ ತೋರಿಸಬೇಕು, ಇನ್ನೊಬ್ಬಾಕಿ ಅದರ ಜೋಡಿ ಜೋರಾಗಿ ಎಣಿಸಬೇಕು. ನಾಲ್ಕೋ ಆರೋ ಇದ್ದ ಕಟ್ಟು ಇಡಿಯಾಗಿ, ರೋಗಿ ಬರೋ ಮೊದಲೇ ಓಟಿಯಿಂದ ಹೊರಗ. ಗರ್ಭಕೋಶ ಮುಚ್ಚೋ ಮೊದಲು ಒಮ್ಮಿ, ಹೊಟ್ಟಿ ಮುಚ್ಚೋ ಮೊದಲು ಒಮ್ಮಿ, ಚರ್ಮಕ್ಕ ಮತ್ತೊಮ್ಮಿ ಎಣಿಸ್ರಿ. ಅಲ್ಲೀತನಕ ಕಸದ ಬಕೆಟ್ಟೂ ಬಾಗಿಲು ದಾಟಬಾರದು.

ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯೂಎಚ್‌ಓ) 2008ರಾಗ ತಂದ 19 ಅಂಶದ ಆಪರೇಷನ್ ಸುರಕ್ಷತಾ ಚೆಕ್‌ಲಿಸ್ಟ್ ಪುಕ್ಕಟೆ ಸಿಗ್ತದ. ಆದ್ರ ಸಂಜಿಗೆ ಕೂತು ಎಲ್ಲಾ ಕೇಸಿಗೂ ಒಮ್ಮಿಲೇ ಟಿಕ್ ಹಾಕೋದಾದ್ರ ಹರದು ಒಗೀರಿ. ಅರಿವಳಿಕೆ ಡಾಕ್ಟರ್ ಇನ್ನೊಂದು ಆಸ್ಪತ್ರಿಯಿಂದ ಓಡಿ ಬಂದಿರ್ತಾರ. ಅವರು ಸೂಜಿ ಹಿಡಿಯೋ ಮೊದಲೇ ಹೆಸರು, ಆಪರೇಷನ್, ಅಲರ್ಜಿ ಜೋರಾಗಿ ಓದ್ರಿ. ಆಂಟಿಬಯಾಟಿಕ್ ಚರ್ಮ ಕೊಯ್ಯೋ ಮೊದಲಿನ 60 ನಿಮಿಷದೊಳಗ ಹೋಗಬೇಕು. ವಾರ್ಡಿನಾಗ ನಸಿಕಿನ್ಯಾಗ ಕೊಟ್ಟದ್ದು ಹನ್ನೊಂದರ ಕೇಸಿಗೆ ಲೆಕ್ಕಕ್ಕಿಲ್ಲ.

ಎಣಿಕಿ ಕೂಡದಿದ್ರ ಹೊಲಿಯೋದು ನಿಲ್ಲಬೇಕು, ಡಾಕ್ಟರ್ ಎಷ್ಟರ ಸಿಟ್ಟಾಗಲಿ. ರೋಗಿ ಮ್ಯಾಲ ಹೊದಿಸಿದ ಡ್ರೇಪ್ ಬಟ್ಟಿ ಸಂದಿ, ಬಕೆಟ್, ಕಾಲಡಿ ನೋಡ್ರಿ. ಸಿಗದಿದ್ರ ಟೇಬಲ್ ಮ್ಯಾಲೇ ಎಕ್ಸ್‌ರೇ. ಎಣಿಕಿ ಬರೆಯೋ ಬೋರ್ಡು ಸರ್ಜನ್ ಕಣ್ಣೆದುರಿನ ಗ್ವಾಡಿಗೇ ಹಾಕ್ರಿ, ಬೆನ್ನಿಂದ ಅಲ್ಲ.