ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಆರಂಭದ ದಶಕಗಳಲ್ಲಿ ಅತಿ ಕಳಪೆ ಸೀಸನ್ ಯಾವ ತಂಡದ್ದು? ಅಷ್ಟು ಸೋತಿದ್ದೇಕೆ?

1930-31ರ ಫಿಲಡೆಲ್ಫಿಯಾ ಕ್ವೇಕರ್ಸ್. 44 ಪಂದ್ಯಗಳಲ್ಲಿ ಗೆದ್ದದ್ದು 4, ಸೋತದ್ದು 36, ಉಳಿದ 4 ಡ್ರಾ. ಹೊಡೆದದ್ದು 76 ಗೋಲು, ಬಿಟ್ಟುಕೊಟ್ಟದ್ದು 184. ನಡುವೆ ಸತತ 15 ಸೋಲು.

ಕಾರಣ ಹುಡುಕಲು ಒಂದು ವರ್ಷ ಹಿಂದಕ್ಕೆ ಹೋಗಬೇಕು. ಇದು ಹೊಸ ತಂಡವೇ ಅಲ್ಲ, ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡವೇ ಊರು, ಹೆಸರು ಬದಲಿಸಿಕೊಂಡು ಬಂದದ್ದು. ಪಿಟ್ಸ್‌ಬರ್ಗ್‌ನ ಕೊನೆಯ ಸೀಸನ್‌ನಲ್ಲೂ ಅದು ಗೆದ್ದಿದ್ದು ಬರೀ 5 ಪಂದ್ಯ. ಷೇರುಪೇಟೆ ಕುಸಿದು ಮಹಾ ಆರ್ಥಿಕ ಹಿಂಜರಿತ ಶುರುವಾಗಿದ್ದ ಕಾಲ, ಕೈಯಲ್ಲಿ ಕಾಸಿರಲಿಲ್ಲ. ಮಾಲೀಕನೆಂದು ಮುಂದೆ ನಿಂತಿದ್ದವರು ಮಾಜಿ ಬಾಕ್ಸಿಂಗ್ ಚಾಂಪಿಯನ್ ಬೆನ್ನಿ ಲಿಯೊನಾರ್ಡ್. ಕೋಚ್ ಕೂಪರ್ ಸ್ಮೀಟನ್ ಹೆಸರು ಮಾಡಿದ್ದು ರೆಫರಿಯಾಗಿ. ಆ ಸೀಸನ್ ಮುಗಿದ ಮೇಲೆ ಅವರು ಅದೇ ಕೆಲಸಕ್ಕೆ ಮರಳಿದರು.

ಆಟಗಾರರನ್ನು ಮಾತ್ರ ದೂರುವುದು ಅನ್ಯಾಯ ಅನ್ನುತ್ತೇನೆ. ಆಗಿನ್ನೂ ಹುಡುಗನಾಗಿದ್ದ ಸಿಡ್ ಹೋವ್ ಇದೇ ತಂಡದಲ್ಲಿ ಆಡಿದ್ದರು. ಮುಂದೆ ಡೆಟ್ರಾಯಿಟ್‌ಗೆ ಹೋಗಿ, 1944ರಲ್ಲಿ ಒಂದೇ ಪಂದ್ಯದಲ್ಲಿ 6 ಗೋಲು ಹೊಡೆದು, ಹಾಲ್ ಆಫ್ ಫೇಮ್ ಸೇರಿದರು. ಪ್ರತಿಭೆ ಇತ್ತು, ಅದನ್ನು ಬೆಳೆಸುವಷ್ಟು ದುಡ್ಡು, ಸಮಯ ಎರಡೂ ಇರಲಿಲ್ಲ.

ಗೆಲುವು, ಡ್ರಾಗಳಿಂದ ಸಿಗುವ ಅಂಕಗಳ ಸರಾಸರಿಯಲ್ಲಿ ಇದಕ್ಕಿಂತ ಕೆಳಗಿಳಿದದ್ದು 1974-75ರ ವಾಷಿಂಗ್ಟನ್ ಕ್ಯಾಪಿಟಲ್ಸ್. ಕ್ವೇಕರ್ಸ್ ಮತ್ತೆ ಕಣಕ್ಕಿಳಿಯಲೇ ಇಲ್ಲ. ಫಿಲಡೆಲ್ಫಿಯಾಕ್ಕೆ ಎನ್‌ಎಚ್‌ಎಲ್ ಮರಳಿದ್ದು 1967ರಲ್ಲಿ, ಫ್ಲೈಯರ್ಸ್ ತಂಡದೊಂದಿಗೆ.